ಶಸ್ತ್ರಚಿಕಿತ್ಸೆಗೆ ಮುಂಚಿನ ಮೂರೂವರೆ ವಾರ: ಮಂಗಳೂರಿನ ಒಂದು ಪೂರ್ವಸಿದ್ಧತಾ ಕ್ಲಿನಿಕ್‌ನ ಅನುಭವ

ಕಳೆದ ಮಳೆಗಾಲದ ಆರಂಭದಲ್ಲಿ ನನ್ನ ಅಮ್ಮನ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಇರುವುದು ಕೊಲೊನೋಸ್ಕೋಪಿಯಿಂದ ಖಚಿತವಾಯಿತು. ಶಸ್ತ್ರಚಿಕಿತ್ಸೆಗೆ ದಿನಾಂಕ ಸಿಕ್ಕಿದ್ದು ಮೂರೂವರೆ ವಾರಗಳ ನಂತರ, ಜುಲೈ ತಿಂಗಳ ಕೊನೆಗೆ. ಇಷ್ಟು ದಿನ ಸುಮ್ಮನೆ ಕಾಯುವುದೇ ಎಂದು ನಾವು ಗಾಬರಿಯಿಂದ ಕೇಳಿದಾಗ ಶಸ್ತ್ರವೈದ್ಯರು, ಸುಮ್ಮನೆ ಕಾಯುವ ಹಾಗಿಲ್ಲ, ಈ ದಿನಗಳಲ್ಲಿ ಅಮ್ಮನಿಗೆ ಬೇಕಾದಷ್ಟು ಕೆಲಸವಿದೆ ಎಂದು ಹೇಳಿ, ಅದೇ ಆಸ್ಪತ್ರೆಯ ಪೂರ್ವಸಿದ್ಧತಾ ಕ್ಲಿನಿಕ್‌ಗೆ ಚೀಟಿ ಬರೆದುಕೊಟ್ಟರು. ಅಲ್ಲಿಯವರು ಇದನ್ನು ಪ್ರಿಹ್ಯಾಬ್ ಎನ್ನುತ್ತಾರೆ. ಚಿಕಿತ್ಸೆಯ ನಂತರ ಕೊಡುವ ಪುನಶ್ಚೇತನವನ್ನು ಚಿಕಿತ್ಸೆಗೆ ಮುಂಚೆಯೇ ಆರಂಭಿಸುವುದು, ಅಂದರೆ ವ್ಯಾಯಾಮ, ಆಹಾರ, ಮನಸ್ಸು ಈ ಮೂರರ ಕಡೆಯಿಂದಲೂ ರೋಗಿಯನ್ನು ಗಟ್ಟಿಗೊಳಿಸಿ ಶಸ್ತ್ರಚಿಕಿತ್ಸೆಯ ಮೇಜಿಗೆ ಕಳುಹಿಸುವುದು ಇದರ ತಿರುಳು. ಇದಕ್ಕಾಗಿ ಚಿಕಿತ್ಸೆಯನ್ನು ಮುಂದೂಡುವುದಿಲ್ಲ. ಹೇಗೂ ಕಾಯಬೇಕಾದ ದಿನಗಳನ್ನೇ ಬಳಸಿಕೊಳ್ಳುತ್ತಾರೆ.

ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಮಗೆ ಆದ ತೊಂದರೆಗಳನ್ನು ಅಲ್ಲಿಯ ಕಚೇರಿಗೆ ಲಿಖಿತವಾಗಿಯೇ ಕೊಟ್ಟಾಗಿದೆ. ಚಿಕಿತ್ಸೆಗೆಂದು ಘಟ್ಟದ ಮೇಲಿನಿಂದಲೂ ಕಾಸರಗೋಡಿನಿಂದಲೂ ಜನ ಮಂಗಳೂರು, ಮಣಿಪಾಲಗಳಿಗೆ ಬರುತ್ತಾರೆ. ಅವರಲ್ಲಿ ಯಾರಿಗಾದರೂ ಇಂಥ ಸೇವೆ ಎಲ್ಲೇ ಸಿಕ್ಕರೂ ಅದರಿಂದ ಏನನ್ನು ನಿರೀಕ್ಷಿಸಬಹುದು, ಯಾವುದನ್ನು ಕೇಳಿ ಪಡೆಯಬೇಕು ಎಂಬುದು ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಮ್ಮನಿಗೆ 68 ವರ್ಷ. ಉಡುಪಿ ಬಳಿಯ ಕಟಪಾಡಿಯ ಮನೆಯಲ್ಲಿ ಅಣ್ಣ, ಅತ್ತಿಗೆಯ ಜೊತೆ ಇದ್ದಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಬೀಡಿ ಕಟ್ಟಿದವರು; ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ದಿನವಿಡೀ ಕುಳಿತು ಮಂಡಿ, ಸೊಂಟ ಎರಡೂ ಬಿಗಿದುಕೊಂಡಿದ್ದವು. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಗಡ್ಡೆಯಿಂದ ತಿಂಗಳುಗಟ್ಟಲೆ ಕಣ್ಣಿಗೆ ಕಾಣದಂತೆ ರಕ್ತ ಸೋರಿ ಹಿಮೋಗ್ಲೋಬಿನ್ 8.4ಕ್ಕೆ ಇಳಿದಿತ್ತು. ಕರುಳಿನ ಬಲಭಾಗದ ಗಡ್ಡೆಗಳು ಹೀಗೆ ಮೊದಲು ರಕ್ತಹೀನತೆಯಾಗಿಯೇ ಕಾಣಿಸಿಕೊಳ್ಳುವುದು ಸಾಮಾನ್ಯವಂತೆ. ನಾವಾದರೋ ಅಮ್ಮನ ಸುಸ್ತನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಕುಳಿತಿದ್ದೆವು.

ಮೊದಲ ಭೇಟಿಗೆ ಎರಡು ಗಂಟೆ ಹಿಡಿಯಿತು. ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು ಎಂಟೂಕಾಲಕ್ಕೆ ತಲುಪಿದ ನಮಗೆ ಒಂಬತ್ತೂವರೆಯವರೆಗೂ ಬೆಂಚಿನ ಮೇಲೆ ಕುಳಿತದ್ದೇ ಕೆಲಸವಾಯಿತು. ಆದರೆ ಒಳಗೆ ಹೋದ ಮೇಲೆ ಯಾರೂ ಅವಸರಪಡಿಸಲಿಲ್ಲ. ಫಿಸಿಯೋಥೆರಪಿಸ್ಟ್ ಹುಡುಗಿ ಅಮ್ಮನನ್ನು ಕೈ ಇಲ್ಲದ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಗಳನ್ನು ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಬಾರಿ ಎದ್ದು ಕೂರಬಲ್ಲರು ಎಂದು ಎಣಿಸಿದರು. ಏಳು ಬಾರಿ. ಬಳಿಕ ಉದ್ದನೆಯ ಓಣಿಯಲ್ಲಿ ನೆಲಕ್ಕೆ ಪಟ್ಟಿ ಅಂಟಿಸಿದ್ದ ಎರಡು ಗುರುತುಗಳ ನಡುವೆ ಆರು ನಿಮಿಷ ನಡೆಸಿ ದೂರವನ್ನು ಅಳೆದರು. 285 ಮೀಟರ್, ನಡುವೆ ಒಮ್ಮೆ ಗೋಡೆ ಹಿಡಿದು ನಿಂತದ್ದೂ ಸೇರಿ. ಅಮ್ಮನಿಗೆ ಇದು ಶಾಲೆಯ ಪರೀಕ್ಷೆಯ ಹಾಗೆ ಅನಿಸಿ ಸ್ವಲ್ಪ ಅವಮಾನವಾಯಿತು. ಆದರೂ ಆ ಎರಡು ಅಂಕಿಗಳು ಕಾಗದದ ಮೇಲೆ ಬಿದ್ದದ್ದರಿಂದಲೇ ಮುಂದಿನ ವಾರಗಳಲ್ಲಿ ಅವರಿಗೆ ಒಂದು ಹಠ ಹುಟ್ಟಿತು ಎಂದು ಈಗ ಅನಿಸುತ್ತದೆ.

ವ್ಯಾಯಾಮದ ಪಟ್ಟಿ ದೊಡ್ಡದೇನೂ ಇರಲಿಲ್ಲ. ದಿನಕ್ಕೆ ಮೂರು ಹೊತ್ತು ಹತ್ತು ಹತ್ತು ನಿಮಿಷದ ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತುವುದು, ಅಷ್ಟೆ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಎಂದು ಅವರು ಹೇಳಿದ ಅಳತೆ ಅಮ್ಮನಿಗೆ ಬಹಳ ಹಿಡಿಸಿತು. ರಕ್ತ ಕಡಿಮೆ ಇದ್ದುದರಿಂದ ಮೊದಲ ವಾರ ನಿಧಾನವಾಗಿಯೂ, ಕಬ್ಬಿಣದ ಅಂಶದ ಡ್ರಿಪ್ ಕೊಟ್ಟ ನಂತರ ಸ್ವಲ್ಪ ಬಿರುಸಾಗಿಯೂ ನಡೆಯಬೇಕೆಂದು ಸೂಚಿಸಿದರು. ಹವಾಯಿ ಚಪ್ಪಲಿಯಲ್ಲಿ ಇದೆಲ್ಲ ಬೇಡ ಎಂದದ್ದರಿಂದ, ಬರುವ ದಾರಿಯಲ್ಲಿ ಹಂಪನಕಟ್ಟೆಯಲ್ಲಿ ಇಳಿದು ಅಮ್ಮನ ಜೀವಮಾನದ ಮೊದಲ ಜೋಡಿ ಶೂ ಕೊಂಡೆವು. ಸೀರೆಯ ಕೆಳಗೆ ಬಿಳಿ ಶೂ ತೊಟ್ಟು ಅಂಗಡಿಯ ಕನ್ನಡಿಯ ಮುಂದೆ ನಿಂತ ಅಮ್ಮ, ಇದನ್ನು ಊರಿನಲ್ಲಿ ತೊಡುವುದಿಲ್ಲ, ಮನೆಯ ಒಳಗೆ ಮಾತ್ರ ಎಂದು ಮೊದಲೇ ಕರಾರು ಮಾಡಿಕೊಂಡರು.

ಹೊರಗೆ ಹೋಗುವ ಪ್ರಶ್ನೆಯೂ ಇರಲಿಲ್ಲ. ಜುಲೈ ತಿಂಗಳ ಮಳೆಗೆ ಅಂಗಳವೆಲ್ಲ ಪಾಚಿ ಕಟ್ಟಿ ಜಾರುತ್ತಿತ್ತು; ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಇದ್ದ ಸಿದ್ಧತೆಯೂ ಮಣ್ಣುಪಾಲು. ಹಾಗಾಗಿ ಚಾವಡಿಯಿಂದ ಅಡುಗೆಮನೆಯ ಹಿಂಬಾಗಿಲಿನವರೆಗೆ ಹೋಗಿ ಬರುವುದೇ ನಡಿಗೆಯಾಯಿತು. ಬೀಡಿಯನ್ನು ಇಪ್ಪತ್ತೈದರ ಕಟ್ಟು ಮಾಡಿ ಬ್ರಾಂಚಿಗೆ ಕೊಟ್ಟ ರೂಢಿ ಬೆರಳುಗಳಿಗೆ ಇನ್ನೂ ಮರೆತಿರಲಿಲ್ಲ. ಇಪ್ಪತ್ತೈದು ಸುತ್ತಿಗೆ ಒಂದು ಕಟ್ಟು ಎಂದು ಲೆಕ್ಕ ಹಿಡಿದು, ಪ್ರತಿ ಸುತ್ತಿಗೆ ಒಂದು ಹುಣಸೆಬೀಜವನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕುತ್ತ ಅಮ್ಮ ನಡೆದರು. ಸಂಜೆ ನಾನು ಫೋನ್ ಮಾಡಿದರೆ, ಇವತ್ತು ಎರಡೂವರೆ ಕಟ್ಟು ಆಯಿತು ಎಂಬ ವರದಿ ಬರುತ್ತಿತ್ತು. ಕ್ಲಿನಿಕ್‌ನವರು ಕೊಟ್ಟ ಮುದ್ರಿತ ದಿನಚರಿ ಹಾಳೆಯನ್ನು ತುಂಬಿದ್ದು ಅತ್ತಿಗೆ, ಅದೂ ವಾರಕ್ಕೊಮ್ಮೆ ಅಂದಾಜಿನಲ್ಲಿ.

ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಆಹಾರ ತಜ್ಞೆಯ ಮುಕ್ಕಾಲು ಗಂಟೆ. ನಮ್ಮ ಕರಾವಳಿಯ ಮನೆಗಳಲ್ಲಿ ಯಾರಿಗೇ ಹುಷಾರು ತಪ್ಪಲಿ, ಮಲಗಿಸಿ ಗಂಜಿ ಕುಡಿಸುವುದು ನಾವು ಬಲ್ಲ ಮೊದಲ ಮದ್ದು. ಕ್ಯಾನ್ಸರ್ ಎಂದು ತಿಳಿದ ದಿನದಿಂದ ಅತ್ತಿಗೆ ಪ್ರೀತಿಯಿಂದಲೇ ಅಮ್ಮನನ್ನು ಅಡುಗೆಮನೆಗೆ ಬಿಡದೆ, ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಅಪರೂಪಕ್ಕೆ ಒಂದು ತಂಬುಳಿ ಕೊಡುತ್ತಿದ್ದರು. ಆಹಾರ ತಜ್ಞೆ ಹಿಂದಿನ ದಿನ ತಿಂದದ್ದನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡು ಕೂಡಿಸಿದಾಗ ಪ್ರೋಟೀನ್ 35 ಗ್ರಾಂ ಕೂಡ ಮುಟ್ಟಲಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು. 52 ಕಿಲೋ ತೂಗುವ ಅಮ್ಮನಿಗೆ ಅದು 62ರಿಂದ 78 ಗ್ರಾಂ. ಮೂತ್ರಪಿಂಡದ ವರದಿ ಸರಿಯಾಗಿದ್ದುದರಿಂದ ಅಷ್ಟು ಕೊಡಲು ಅಡ್ಡಿ ಇರಲಿಲ್ಲ. ಹಾಸಿಗೆ ಹಿಡಿದ ದೇಹ ಮೊದಲು ಕಳೆದುಕೊಳ್ಳುವುದು ಮಾಂಸಖಂಡವನ್ನು. ಶಸ್ತ್ರಚಿಕಿತ್ಸೆಯ ಮರುದಿನ ಎದ್ದು ಕುಳಿತು ಕೆಮ್ಮಲು ಬೇಕಾದದ್ದೂ ಅದೇ ಮಾಂಸಖಂಡ. ಗಂಜಿ ಮತ್ತು ವಿಶ್ರಾಂತಿ ಸೇರಿ ನಾವು ಅಮ್ಮನನ್ನು ಸೊರಗಿಸುತ್ತಿದ್ದೇವೆ ಎಂಬುದು ಅಂದು ಮೊದಲ ಬಾರಿಗೆ ನಮ್ಮ ತಲೆಗೆ ಹೋಯಿತು.

ಪಟ್ಟಿಯಲ್ಲಿ ಮೀನು ಇತ್ತು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಕಾಲದಲ್ಲಿ ತಾಜಾ ಬಂಗುಡೆಯನ್ನು ಎಲ್ಲಿಂದ ತರುವುದು? ಸಿಕ್ಕರೂ ಬೆಲೆ ಕೇಳಿ ಹಿಂದಿರುಗಬೇಕು. ಇದನ್ನು ಹೇಳಿದ ಕೂಡಲೇ ಆಕೆ ಹಾಳೆಯನ್ನು ಬದಿಗಿಟ್ಟು, ಮನೆಯಲ್ಲಿ ಏನೇನಿದೆ ಎಂದು ಕೇಳಿದರು. ದಿನಕ್ಕೆ ಎರಡು ಮೊಟ್ಟೆ, ಎರಡು ಲೋಟ ಹಾಲು, ಮಧ್ಯಾಹ್ನ ಗಟ್ಟಿ ಮೊಸರು, ಒಂದು ಹೊತ್ತು ಹೆಸರುಕಾಳಿನ ಗಸಿ, ಮತ್ತೊಂದು ಹೊತ್ತು ಹುರುಳಿ. ಹುರುಳಿಯ ವಿಷಯ ಬಂದಾಗ ಅಮ್ಮ, ಅದು ನಮ್ಮಲ್ಲಿ ವಾರಕ್ಕೆ ಎರಡು ಸಲ ಉಂಟು ಎಂದು ಹೆಮ್ಮೆಯಿಂದಲೇ ಹೇಳಿದರು. ವಿಚಾರಿಸಿದರೆ, ಬೇಯಿಸಿದ ನೀರಿನಲ್ಲಿ ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ಪದ್ಧತಿ. ‘ಹಾಗಾದರೆ ಅಮ್ಮಾ, ಪ್ರೋಟೀನ್ ಎಲ್ಲ ದನಕ್ಕೇ ಹೋಯಿತಲ್ಲ’ ಎಂದು ಆಕೆ ನಕ್ಕರು. ಅಂದಿನಿಂದ ಕಾಳಿನ ಉಪ್ಕರಿ ಅಮ್ಮನ ಬಟ್ಟಲಿಗೆ ಬಂತು. ಪ್ರೋಟೀನ್ ಪುಡಿಯ ಡಬ್ಬವನ್ನು ಬರೆದುಕೊಟ್ಟರಾದರೂ, ಇಷ್ಟು ತಿನ್ನಲಾಗದಿದ್ದರೆ ಮಾತ್ರ ಎಂದು ಸೇರಿಸಿದ್ದನ್ನು ಮೆಚ್ಚಬೇಕು.

ನಡುವೆ ತುಳುವರ ಆಟಿ ತಿಂಗಳ ಅಮಾವಾಸ್ಯೆಯೂ ಬಂತು. ಅಂದು ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯದೆ ಇರುವುದು ಅಮ್ಮನ ಬದುಕಿನಲ್ಲೇ ಇಲ್ಲ. ಶಸ್ತ್ರಚಿಕಿತ್ಸೆಗೆ ಕೆಲವೇ ದಿನ ಉಳಿದಿರುವಾಗ ಯಾವುದೇ ಕಷಾಯ, ಲೇಹ್ಯ, ಬೇರುಮದ್ದು ಬೇಡ, ತೆಗೆದುಕೊಂಡಿದ್ದರೆ ಅರಿವಳಿಕೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು ಎಂದು ಕ್ಲಿನಿಕ್‌ನವರು ಮೊದಲೇ ತಿಳಿಸಿದ್ದರು. ಅಮ್ಮ ಒಂದು ಹನಿಯನ್ನು ಬೆರಳಿನಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಶಾಸ್ತ್ರ ಮುಗಿಸಿದರು. ಶುಭಕಾರ್ಯಕ್ಕೆ ಸಲ್ಲದ ಆಟಿಯಲ್ಲಿ ಶಸ್ತ್ರಚಿಕಿತ್ಸೆಯೇ ಎಂದು ನೆಂಟರು ಎತ್ತಿದ ಆಕ್ಷೇಪಕ್ಕೆ ಅಣ್ಣನೇ ಉತ್ತರ ಕೊಟ್ಟ.

ಉಸಿರಾಟದ ಅಭ್ಯಾಸಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್‌ನ ಬಗ್ಗೆ ಮಾತ್ರ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ. ಔಷಧದ ಅಂಗಡಿಯಲ್ಲಿ ಸುಮಾರು 400 ರೂಪಾಯಿಗೆ ಸಿಗುವ ಈ ಪ್ಲಾಸ್ಟಿಕ್ ಸಾಧನದಲ್ಲಿ ಮೂರು ಕೊಳವೆ, ಮೂರು ಬಣ್ಣದ ಚೆಂಡು, ಒಂದು ಮೆತ್ತನೆಯ ನಳಿಕೆ ಇರುತ್ತವೆ. ಕೊಳವೆಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಉಸಿರನ್ನು ಎಷ್ಟು ರಭಸದಿಂದ ಎಳೆದರೆ ಯಾವ ಚೆಂಡು ಮೇಲೇಳುತ್ತದೆ ಎಂಬ ಅಳತೆ ಅದು. ಅರಿವಳಿಕೆಯ ನಂತರ ಶ್ವಾಸಕೋಶದ ತಳಭಾಗ ಮುದುಡಿಕೊಂಡು ಕಫ ನಿಂತು ನ್ಯುಮೋನಿಯಾ ಆಗುವ ಅಪಾಯ ಇರುವುದರಿಂದ, ಆಳವಾಗಿ ಉಸಿರೆಳೆಯುವ ಅಭ್ಯಾಸವನ್ನು ಮುಂಚೆಯೇ ಕಲಿಸುತ್ತಾರೆ. ಅಂದು ಕ್ಲಿನಿಕ್‌ನಲ್ಲಿ ಈ ಪೆಟ್ಟಿಗೆಯನ್ನು ಕೊನೆಯಲ್ಲಿ, ಬಿಲ್ಲಿನ ಜೊತೆ ಕೈಗಿತ್ತು, ಒಳಗಿರುವ ಚೀಟಿಯಲ್ಲಿ ಎಲ್ಲ ಇದೆ ಎಂದರು. ಚೀಟಿ ಇಂಗ್ಲಿಷಿನಲ್ಲಿತ್ತು. ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದ ಅಮ್ಮ ಚಿತ್ರ ನೋಡಿ, ಇದು ಊದುವ ಸಾಧನ ಎಂದು ತಿಳಿದುಕೊಂಡರು.

ಮೂರು ದಿನ ಊದಿದರು. ಒಂದು ಚೆಂಡೂ ಮಿಸುಕಲಿಲ್ಲ. ನಾಲ್ಕನೆಯ ದಿನ ನಾನು ಫೋನ್ ಮಾಡಿದಾಗ ಅಮ್ಮ ನಡಿಗೆಯ ಲೆಕ್ಕ ಹೇಳಲಿಲ್ಲ. ನನ್ನ ಉಸಿರು ಮುಗಿದಿದೆ, ಇನ್ನು ಈ ಶಸ್ತ್ರಚಿಕಿತ್ಸೆಯೆಲ್ಲ ಯಾಕೆ, ಹಣ ದಂಡ ಎಂದರು. ಸಂಜೆಯೇ ಫಿಸಿಯೋಥೆರಪಿಸ್ಟ್‌ಗೆ ವೀಡಿಯೊ ಕರೆ ಮಾಡಿ ತೋರಿಸಿದಾಗ ಆಕೆ ಒಂದೇ ನೋಟಕ್ಕೆ ತಪ್ಪು ಹಿಡಿದು, ಮೊದಲು ಉಸಿರನ್ನು ಹೊರಗೆ ಬಿಟ್ಟು, ನಳಿಕೆಯನ್ನು ತುಟಿಯಿಂದ ಬಿಗಿಹಿಡಿದು, ಎಳನೀರನ್ನು ಕೊಳವೆಯಿಂದ ಹೀರುವ ಹಾಗೆ ನಿಧಾನವಾಗಿ ಎಳೆಯಿರಿ ಎಂದರು. ಮೊದಲ ಚೆಂಡು ಟಕ್ಕನೆ ಮೇಲೆ ಹೋಯಿತು, ಎರಡನೆಯದು ಅರ್ಧಕ್ಕೆ ಬಂದು ನಡುಗಿತು. ಅಮ್ಮ ಅಂದು ರಾತ್ರಿ ಎರಡು ಮೊಟ್ಟೆಯನ್ನೂ ತಿಂದರು ಎಂದು ಅತ್ತಿಗೆ ತಿಳಿಸಿದರು. ಎರಡು ನಿಮಿಷ ಕೈಯಲ್ಲಿ ಹಿಡಿಸಿ ತೋರಿಸಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ಮೂರು ದಿನ ಒಬ್ಬ ರೋಗಿಯ ಧೈರ್ಯವೇ ಕುಸಿದಿತ್ತು. ದೇಹದ ಸಿದ್ಧತೆ ಬೇರೆ, ಮನಸ್ಸಿನ ಸಿದ್ಧತೆ ಬೇರೆ ಎಂದು ಎರಡು ಕೋಣೆಗಳಲ್ಲಿ ಇಟ್ಟು ನೋಡುವವರು ಇದನ್ನು ಗಮನಿಸಬೇಕು.

ಮನಸ್ಸಿನ ವಿಷಯದಲ್ಲಿ ಕ್ಲಿನಿಕ್‌ನ ಒಂದು ನಿಲುವಿಗೆ ನಾನು ಋಣಿ, ಅದರ ವ್ಯವಸ್ಥೆಯ ಬಗ್ಗೆ ಮಾತ್ರ ತಕರಾರಿದೆ. ನಾವು ಅಮ್ಮನಿಗೆ ಕರುಳಿನಲ್ಲಿ ಹುಣ್ಣು ಎಂದಷ್ಟೇ ಹೇಳಿದ್ದೆವು. ಅಣ್ಣನಂತೂ, ಹೆಸರು ಎತ್ತಿದರೆ ಅವರು ಆ ಕ್ಷಣಕ್ಕೇ ಕುಸಿಯುತ್ತಾರೆ ಎಂದು ಹಟ ಹಿಡಿದಿದ್ದ. ಕ್ಲಿನಿಕ್‌ನ ವೈದ್ಯೆ, ಯಾವುದಕ್ಕಾಗಿ ಮಾಡುತ್ತಿದ್ದೇನೆ ಎಂದು ತಿಳಿಯದವರು ದಿನಕ್ಕೆ ಮೂರು ಹೊತ್ತು ನಡೆಯುವುದಿಲ್ಲ ಎಂದು ನಮ್ಮನ್ನು ಒಪ್ಪಿಸಿ, ಅಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, ತುಳುವಿನಲ್ಲಿಯೇ, ಎಷ್ಟು ತಿಳಿದುಕೊಳ್ಳಬೇಕು ಎಂದು ಮೊದಲು ಕೇಳಿ, ಅಷ್ಟನ್ನೇ ಹೇಳಿದರು. ಅಮ್ಮ ಅಳಲಿಲ್ಲ. ‘ಏರೆಗ್ ಪೂರಾ ಗೊತ್ತುಂಡು?’ ಎಂದು ಕೇಳಿದರು, ಯಾರಿಗೆಲ್ಲ ಗೊತ್ತಿದೆ ಎಂದು. ಪಕ್ಕದ ಮನೆಯ ಅಕ್ಕನಿಗೂ ತಮಗಿಂತ ಮೊದಲು ತಿಳಿದಿತ್ತು ಎಂಬುದೇ ಅವರಿಗೆ ಕಾಯಿಲೆಗಿಂತ ದೊಡ್ಡ ನೋವಾಗಿ, ಎರಡು ದಿನ ಅಣ್ಣನ ಜೊತೆ ಮಾತು ಬಿಟ್ಟಿದ್ದರು.

ಆಪ್ತಸಮಾಲೋಚಕಿ ಅಮ್ಮನಿಗೆ ಸೊನ್ನೆಯಿಂದ ಹತ್ತರವರೆಗೆ ಗೆರೆ ಎಳೆದ ಥರ್ಮಾಮೀಟರಿನ ಚಿತ್ರ ತೋರಿಸಿ, ಕಳೆದ ವಾರದ ಚಿಂತೆ ಎಲ್ಲಿಗೆ ಏರಿತ್ತು ಎಂದು ಕೇಳಿದರು. ಅಮ್ಮ ಎಂಟರ ಮೇಲೆ ಬೆರಳಿಟ್ಟರು. ಸಾವಿನ ಭಯ ಇರಬಹುದೆಂದು ನಾನು ಊಹಿಸಿದ್ದೆ. ಅದಲ್ಲ, ಮಲ ಹೊರಬರಲು ಹೊಟ್ಟೆಯ ಮೇಲೆ ಚೀಲ ಕಟ್ಟುತ್ತಾರೆ, ಮತ್ತೆ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ, ಅಡುಗೆ ಮುಟ್ಟುವ ಹಾಗಿಲ್ಲ ಎಂದು ಯಾರೋ ಹೇಳಿದ ಮಾತು ಅವರನ್ನು ಕೊರೆಯುತ್ತಿತ್ತು. ಕರುಳಿನ ಬಲಭಾಗವನ್ನು ತೆಗೆದಾಗ ಸಾಮಾನ್ಯವಾಗಿ ಎರಡು ತುದಿಗಳನ್ನು ಒಳಗೇ ಜೋಡಿಸುತ್ತಾರೆ, ಚೀಲ ಬೇಕಾಗುವುದು ಅಪರೂಪ, ಬೇಕಾದರೂ ಬಹಳ ಮಂದಿಗೆ ಅದು ಕೆಲವು ತಿಂಗಳ ಮಟ್ಟಿಗೆ ಎಂದು ಶಸ್ತ್ರವೈದ್ಯರನ್ನೇ ಕರೆಸಿ ಹೇಳಿಸಿದರು. ಮುಂದಿನ ಭೇಟಿಯಲ್ಲಿ ಬೆರಳು ನಾಲ್ಕಕ್ಕೆ ಇಳಿದಿತ್ತು.

ಇಷ್ಟು ಒಳ್ಳೆಯ ಕೆಲಸ ನಡೆದದ್ದು ಬಿಲ್ ಕೌಂಟರಿನ ಪಕ್ಕದಲ್ಲಿ, ಒಂದು ಪರದೆಯ ಹಿಂದೆ, 25 ನಿಮಿಷದಲ್ಲಿ. ಆಚೆ ಬದಿಯಲ್ಲಿ ಟೋಕನ್ ಸಂಖ್ಯೆ ಕೂಗುವುದು ನಮಗೆ ಕೇಳುತ್ತಿತ್ತು. ಅಮ್ಮನ ಚೀಲದ ಮಾತು ಆಚೆ ಬದಿಯವರಿಗೂ ಕೇಳಿರಬೇಕು. ಎರಡನೆಯ ಬಾರಿ ಫೋನಿನಲ್ಲಿ ಮಾತನಾಡುವುದಾಗಿ ಹೇಳಿದ್ದ ಆಪ್ತಸಮಾಲೋಚಕಿ ಕರೆ ಮಾಡಲಿಲ್ಲ. ನಿದ್ದೆ ಬಾರದಿದ್ದರೆ ಕೇಳಿ ಎಂದು ಮೊಬೈಲಿಗೆ ಕಳುಹಿಸಿದ ಧ್ವನಿಮುದ್ರಣ ಇಂಗ್ಲಿಷಿನಲ್ಲಿತ್ತು. ಇನ್ನು, ರಾತ್ರಿ ಎದ್ದು ಕುಳಿತ ಅಮ್ಮನ ಜೊತೆ ತಾನೂ ಎದ್ದು ಕುಳಿತಿರುತ್ತಿದ್ದ ಅತ್ತಿಗೆಯನ್ನು, ನೀವು ಹೇಗಿದ್ದೀರಿ ಎಂದು ಮೂರೂ ಭೇಟಿಗಳಲ್ಲಿ ಒಬ್ಬರಾದರೂ ಕೇಳಬಹುದಿತ್ತು.

ಖರ್ಚಿನ ಲೆಕ್ಕ ಹೀಗಿದೆ: ಮೊದಲ ಭೇಟಿಗೆ 900 ರೂಪಾಯಿ, ಆಮೇಲಿನ ಎರಡಕ್ಕೆ ತಲಾ 400. ಕಬ್ಬಿಣದ ಡ್ರಿಪ್ ಮತ್ತು ರಕ್ತಪರೀಕ್ಷೆಗಳು ಬೇರೆ. ಹೊರರೋಗಿ ವಿಭಾಗದ ಖರ್ಚು ಎಂಬ ಕಾರಣ ನೀಡಿ ನಮ್ಮ ವಿಮಾ ಕಂಪನಿ ಭೇಟಿಗಳ ಹಣವನ್ನು ಕೊಡಲಿಲ್ಲ.

ಫಲ ಏನಾಯಿತು ಎಂದರೆ, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಹಿಮೋಗ್ಲೋಬಿನ್ 10.3ಕ್ಕೆ ಏರಿತ್ತು, ತೂಕ ಇಳಿದಿರಲಿಲ್ಲ, ಆರು ನಿಮಿಷದ ನಡಿಗೆ 340 ಮೀಟರ್ ಆಗಿತ್ತು, ಕುರ್ಚಿಯಿಂದ ಏಳುವುದು ಏಳರಿಂದ ಹನ್ನೊಂದಕ್ಕೆ ಬಂದಿತ್ತು. ಆದರೆ ಆ ರಾತ್ರಿ ವಾರ್ಡಿನಲ್ಲಿ ಮತ್ತೊಂದು ಎಡವಟ್ಟು. ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಬರಿಯ ನೀರು ಕುಡಿಯಬಹುದು ಎಂದು ಕ್ಲಿನಿಕ್‌ನವರು ಬರೆದುಕೊಟ್ಟಿದ್ದರೂ, ವಾರ್ಡಿನ ಸಿಬ್ಬಂದಿ ಹತ್ತು ಗಂಟೆಯ ನಂತರ ಒಂದು ಹನಿಯನ್ನೂ ಕೊಡಕೂಡದು ಎಂದರು. ಮರುದಿನ ಹನ್ನೊಂದು ಗಂಟೆಗೆ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಗೆ, ಸಕ್ಕರೆ ಕಾಯಿಲೆಯ ಹೆಂಗಸು ಒಣಗಂಟಲಿನಲ್ಲಿ ರಾತ್ರಿ ಕಳೆದರು. ಬೆಳಿಗ್ಗೆ ಏಳೂವರೆಗೆ ಅರಿವಳಿಕೆ ವೈದ್ಯರು ಬಂದು ಹಾಳೆ ನೋಡಿ, ಒಂದು ಲೋಟ ನೀರು ಕೊಡಿ ಎಂದಾಗ ಸಮಸ್ಯೆ ಬಗೆಹರಿಯಿತು. ಒಂದೇ ಕಟ್ಟಡದ ಎರಡು ಮಹಡಿಗಳ ನಡುವೆ ಈ ಹಾಳೆ ಓಡಾಡುವುದಿಲ್ಲವಾದರೆ ರೋಗಿಯ ಕೈಗೆ ಕೊಟ್ಟು ಪ್ರಯೋಜನವೇನು?

ಅಮ್ಮ ಶಸ್ತ್ರಚಿಕಿತ್ಸೆಯ ಮರುದಿನ ಸಂಜೆ ಕುರ್ಚಿಯಲ್ಲಿ ಕುಳಿತರು, ಎರಡನೆಯ ದಿನ ಓಣಿಯಲ್ಲಿ ನಡೆದರು, ಆರನೆಯ ದಿನ ಮನೆಗೆ ಬಂದರು. ಎದೆಯಲ್ಲಿ ಕಫ ಕಟ್ಟಲಿಲ್ಲ; ಗಾಯದ ಒಂದು ಮೂಲೆಯಲ್ಲಿ ಸೋಂಕಾಗಿ ಹತ್ತು ದಿನ ಡ್ರೆಸ್ಸಿಂಗ್ ಬೇಕಾಯಿತು. ಇದರಲ್ಲಿ ಪೂರ್ವಸಿದ್ಧತೆಯ ಪಾಲೆಷ್ಟು ಎಂದು ಒಬ್ಬರನ್ನು ನೋಡಿ ಹೇಳಲಾಗದು. ದೊಡ್ಡ ಕರುಳಿನ ಕ್ಯಾನ್ಸರಿನ 251 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕು ವಾರ ಸಿದ್ಧತೆ ಪಡೆದವರ ಪೈಕಿ ಶೇ. 17.1 ಮಂದಿಗೆ ತೀವ್ರ ತೊಡಕುಗಳಾದರೆ, ಪಡೆಯದವರಲ್ಲಿ ಶೇ. 29.7 ಮಂದಿಗೆ ಆಗಿದ್ದವು. ಆದರೆ ಅಲ್ಲಿ ವಾರಕ್ಕೆ ಮೂರು ದಿನ ತರಬೇತುದಾರರ ಎದುರಿನಲ್ಲಿಯೇ ಕಠಿಣ ವ್ಯಾಯಾಮ ಮಾಡಿಸಿದ್ದರು. ಮೂರು ಭೇಟಿ ಮತ್ತು ಒಂದು ಬಟ್ಟಲು ಹುಣಸೆಬೀಜದ ನಮ್ಮ ಸಿದ್ಧತೆಗೆ ಆ ಅಂಕಿಗಳನ್ನು ಹಾಗೆಯೇ ಅಂಟಿಸುವುದು ನ್ಯಾಯವಲ್ಲ. ಕಟಪಾಡಿಯಿಂದ ವಾರಕ್ಕೆ ಮೂರು ಬಾರಿ ಐವತ್ತು ಕಿಲೋಮೀಟರ್ ಬಂದು ಹೋಗುವುದು ಅಮ್ಮನಿಂದ ಆಗುತ್ತಲೂ ಇರಲಿಲ್ಲ. ವೀಡಿಯೊ ಕರೆಯ ಮೂಲಕ ವಾರಕ್ಕೆರಡು ಬಾರಿ ವ್ಯಾಯಾಮ ಮಾಡಿಸಿದರೆ ಉಡುಪಿ, ಕುಂದಾಪುರದ ಕಡೆಯವರಿಗೆ ಅನುಕೂಲ ಎಂದು ನನ್ನ ಪತ್ರದಲ್ಲಿ ಬರೆದಿದ್ದೇನೆ.

ಹೋಗುವವರು ಹಳೆಯ ರಕ್ತಪರೀಕ್ಷೆಯ ವರದಿ, ನುಂಗುತ್ತಿರುವ ಎಲ್ಲ ಮಾತ್ರೆಗಳು, ಮನೆಯಲ್ಲಿ ಅಡುಗೆ ಮಾಡುವವರು, ಈ ಮೂರನ್ನೂ ಜೊತೆಗೆ ಕರೆದೊಯ್ಯಿರಿ. ತಂಬಾಕು, ಮದ್ಯದ ಅಭ್ಯಾಸವಿದ್ದವರಿಗೆ ಬಿಡಿಸುವ ನೆರವನ್ನೂ ಅಲ್ಲಿಯೇ ಕೊಡುತ್ತಾರೆ. ಧೂಮಪಾನವನ್ನು ಕನಿಷ್ಠ ನಾಲ್ಕು ವಾರ ಮುಂಚೆ ಬಿಟ್ಟರೆ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು ಕಡಿಮೆಯಾಗುತ್ತವೆಯಾದ್ದರಿಂದ, ದಿನಾಂಕ ಸಿಗುವವರೆಗೆ ಕಾಯದೆ ಮೊದಲೇ ಹೋಗುವುದು ಲೇಸು. ಉಸಿರಿನ ಸಾಧನವನ್ನು ಅವರ ಎದುರಿಗೇ ಬಳಸಿ ತೋರಿಸದೆ ಹೊರಗೆ ಬರಬೇಡಿ. ಕನ್ನಡದ ಚೀಟಿ ಅಚ್ಚಿಗೆ ಹೋಗಿದೆ ಎಂದು ಆಗಸ್ಟಿನಲ್ಲಿ ಹೇಳಿದ್ದರು. ಮೊನ್ನೆ ಕೀಮೋಥೆರಪಿಯ ವಿಚಾರಕ್ಕೆ ಹೋದಾಗ ನೋಡಿದರೆ ಪೆಟ್ಟಿಗೆಗಳೊಳಗೆ ಅದೇ ಇಂಗ್ಲಿಷ್ ಚೀಟಿ ಇತ್ತು. ಆದರೆ ಮೇಜಿನ ಮೇಲೆ ಜೋಡಿಸಿದ್ದ ಪ್ರತಿಯೊಂದು ಪೆಟ್ಟಿಗೆಯ ಮುಚ್ಚಳದ ಮೇಲೂ ಆ ಫಿಸಿಯೋಥೆರಪಿಸ್ಟ್ ಹುಡುಗಿ ನೀಲಿ ಪೆನ್ನಿನಿಂದ ದಪ್ಪಕ್ಷರದಲ್ಲಿ ಬರೆದಿದ್ದರು: ‘ಊದಬಾರದು, ಎಳೆಯಬೇಕು.’